ಫ್ಯಾನಿನ ಬಟನ್

ಬೀರಪ್ಪಣ್ಣನ ಗಾಡಿ ಕೆಡಿಸಿದವರು ನೀವಲ್ಲ, ಲಕ್ಕವ್ವಕ್ಕಾ. ನಾನು. ಐದು ವರ್ಷದಿಂದ ಊರೆಲ್ಲ ನಿಮ್ಮ ಹೆಸರು ಹೇಳುತ್ತಿದೆ, ಈಗ ನೀವೂ ಅದನ್ನೇ ನಂಬಿದ್ದೀರಿ — ನಂಬುವಂತೆ ಮಾಡಿದವನೂ ನಾನೇ. ಮಹಾಲಿಂಗಪುರದ ಗ್ಯಾರೇಜಿನ ಶಂಕರ. ನಿಮ್ಮ ಮನೆಯ ಚಹಾ ಎಷ್ಟು ಸಲ ಕುಡಿದಿದ್ದೇನೋ ನೆನಪಿಲ್ಲ.

ಎದುರಿಗೆ ನಿಂತು ಹೇಳಬೇಕಾದದ್ದನ್ನು ಮೊದಲು ಕಾಗದದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಎದುರು ನಿಂತರೆ ನನ್ನ ನಾಲಿಗೆ ಏನು ಮಾಡುತ್ತದೆ ಎಂಬುದನ್ನು ಹೋದ ತಿಂಗಳಷ್ಟೇ ನೋಡಿದ್ದೇನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಗಾಡಿ ನಿಮ್ಮ ಹೊಲದ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಕೊಲ್ಹಾಪುರದ ಒಬ್ಬರು ಬೀರಪ್ಪಣ್ಣನ ಹತ್ತಿರ ಎರಡು ಬೇಟೆನಾಯಿ ಮರಿ ಒಯ್ದು, ಬದಲಿಗೆ ತಮ್ಮ ಹಳೆಯ ಎಟಿವಿಯನ್ನು ಬಿಟ್ಟು ಹೋಗಿದ್ದರು. ನಾಲ್ಕು ದಪ್ಪ ಗಾಲಿ, ಮೋಟರ್ ಸೈಕಲ್ಲಿನಂಥ ಹ್ಯಾಂಡಲ್, ಹಿಂದೆ ಕಬ್ಬಿಣದ ಕ್ಯಾರಿಯರ್. ತಿಮ್ಮಾಪುರದಾಚೆ ನಿಮ್ಮ ಹೊಲದ ದಾರಿಯಲ್ಲಿ, ಮಳೆಯಾದರೆ ಟ್ರ್ಯಾಕ್ಟರ್ ಕೂಡ ಹೂತು ನಿಲ್ಲುವ ಎರೆಮಣ್ಣಿನಲ್ಲಿ, ಅದು ಒಂದೇ ಹೋಗುತ್ತಿತ್ತು. ಬೀರಪ್ಪಣ್ಣ ಅದರ ಮೇಲೆ ಕುರಿಮರಿ ಹೇರಿದ, ಹಿಂದೆ ನಾಯಿಗಳನ್ನು ಓಡಿಸಿದ. ಗಂಡನನ್ನು ನೋಡಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನೀವೂ ಕಲಿತಿರಿ. ನಿಮ್ಮ ಮೈದುನ ಸಿದ್ದಪ್ಪ ನಕ್ಕ. ನಾನೂ ನಕ್ಕೆ ಅನಿಸುತ್ತದೆ — ಇಲ್ಲ, ನಕ್ಕೆ.

ಖರೆ ಹೇಳಬೇಕೆಂದರೆ ಅದನ್ನು ಸಾಕಿದವರು ನೀವು. ಬೋರಿನ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ, ಎಂಜಿನ್ ತಣಿಸುವ ಕೂಲಂಟ್ ನೀರು ಮಾತ್ರ ಹಾಕಿ ಎಂದು ನಾನು ಹೇಳಿದರೆ ಬೀರಪ್ಪಣ್ಣ ಆಕಳಿಸುತ್ತ ತಲೆಯಾಡಿಸುತ್ತಿದ್ದ. ರೇಡಿಯೇಟರಿನ ಜಾಲರಿಯಲ್ಲಿ ಕಬ್ಬಿನ ರವದಿ, ಒಣ ಸೋಗೆ ಸಿಕ್ಕಿಕೊಂಡರೆ ಗಾಳಿ ಆಡುವುದಿಲ್ಲ, ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು, ಪೈಪಿನ ನೀರು ಜೋರಾಗಿ ಬಿಟ್ಟರೆ ಜಾಲರಿ ಮಡಚಿಕೊಳ್ಳುತ್ತದೆ ಎಂದಾಗ ನೀವು ಮಾತ್ರ ಬಗ್ಗಿ ನೋಡಿದಿರಿ. ದನಗಳಿಗೆ ನೀರು ತೋರಿಸಿದ ಮೇಲೆ ಗಾಡಿಯ ಬಾಟಲಿಯಲ್ಲಿ ಕೂಲಂಟ್ ಗೆರೆಯವರೆಗೆ ಇದೆಯೋ ಇಲ್ಲವೋ ನೋಡದೆ ನೀವು ಒಲೆಯ ಮುಂದೆ ಕೂಡುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು, ಅಕ್ಕಾ. ಗೊತ್ತಿದ್ದೂ ನಾನು ಅಂಥ ಮಾತು ಆಡಿದೆ.

ಆ ಗಾಡಿಯಲ್ಲಿ ಹೆಬ್ಬೆರಳಿನಷ್ಟು ಒಂದು ಸ್ವಿಚ್ ಇತ್ತು. ಎಂಜಿನ್ನಿನ ನೀರು ಕಾದೊಡನೆ ಅದು ತಾನೇ ರೇಡಿಯೇಟರಿನ ಫ್ಯಾನ್ ಚಾಲೂ ಮಾಡಬೇಕು. ಅದು ಸತ್ತುಹೋಯಿತು. ಅದೇ ಗಾಡಿಯ ಸ್ವಿಚ್ ಕೊಲ್ಹಾಪುರದಿಂದ ಬರಬೇಕು, ಎಂಟು ದಿನ ಬೇಕು. ನನ್ನ ಹತ್ತಿರ ಕಾರಿನದೊಂದಿತ್ತು. ಆದರೆ ಅದು ಚಾಲೂ ಆಗುವ ಶಾಖ ಬೇರೆ, ಹಾಕಬಾರದು ಎಂಬಷ್ಟು ವಿದ್ಯೆ ನನಗಿತ್ತು. ಕೂಲಿಂಗ್ ಕೆಲಸಕ್ಕೆ ಶಂಕರನೇ ಆಗಬೇಕು ಎಂದು ಜಮಖಂಡಿಯಿಂದಲೂ ಗಾಡಿಗಳು ಬರುತ್ತಿದ್ದವು ನೋಡಿ — ಆ ಸೊಕ್ಕು ಬೇರೆ. ಬೀರಪ್ಪಣ್ಣನಿಗೋ ಅವಸರ. ಅದಕ್ಕೇ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ: ಡೈರೆಕ್ಟ್. ಸತ್ತ ಸ್ವಿಚ್ಚಿನ ವೈರ್ ಕತ್ತರಿಸಿ, ಫ್ಯಾನಿನಿಂದ ಬ್ಯಾಟರಿಗೆ ನೇರ ವೈರ್ ಎಳೆದು, ಸೀಟಿನ ಕೆಳಗೆ, ಕೈ ತೂರಿಸಿದರೆ ಸಿಗುವಂತೆ ಒಂದು ಕರಿ ಬಟನ್ ಕೂಡಿಸಿದೆ. ಕೆಸರಿನಲ್ಲಿ, ನಿಧಾನ ಗೇರಿನಲ್ಲಿ ಹೋಗುವಾಗ ನೆನಪಿಟ್ಟು ಒತ್ತಬೇಕು. ಗಾಡಿ ಕಾದಾಗ ಉರಿಯುವ ಕೆಂಪು ದೀಪ ಆ ಕೆಟ್ಟ ಸ್ವಿಚ್ಚಿನ ದೆಸೆಯಿಂದ ಸುಮ್ಮಸುಮ್ಮನೆ ಉರಿಯುತ್ತಿತ್ತು. ಅದರ ಬಲ್ಬನ್ನೂ ಬಿಚ್ಚಿದೆ.

ನೀವು ಚಹಾ ತಂದಿರಿ. ಸೀಟು ಎತ್ತಿದ್ದೆ, ಬಟನ್ ಕಾಣುತ್ತಿತ್ತು.

“ಇದೇನೋ ತಮ್ಮಾ ಹೊಸಾ ಬಟನ್? ಯಾವಾಗ ಒತ್ತಬೇಕಿದನ್ನ?”

“ಅದು ನಿಮಗ್ಯಾಕ್ರೀ ಅಕ್ಕಾರ? ಅಣ್ಣಾರಿಗೆ ಹೇಳೇನಿ. ಚಾದಾಗ ಸಕ್ರಿ ಕಡಿಮಿ ಆಗೈತಿ ನೋಡ್ರಿ.”

ಬೀರಪ್ಪಣ್ಣ ನಕ್ಕ. ನೀವೂ ನಕ್ಕು ಸಕ್ಕರೆ ತರಲು ಒಳಗೆ ಹೋದಿರಿ. ಅಷ್ಟೇ ನಡೆದದ್ದು. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಬಹುದಾದ ಮಾತನ್ನು ನಾನು — ಯಾಕೆ ಹೇಳಲಿಲ್ಲ? ಹೆಣ್ಣುಮಕ್ಕಳಿಗೆ ಯಾಕೆ ಬೇಕು ಇದೆಲ್ಲ ಎಂದುಕೊಂಡೆ. ಬೇರೆ ಕಾರಣವಿಲ್ಲ. ಹುಡುಕಿದ್ದೇನೆ, ಸಿಕ್ಕಿಲ್ಲ.

ಇನ್ನೊಂದು ಮಾತಿದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಕೊಲ್ಹಾಪುರದ ಆ ಸ್ವಿಚ್ ಎಂಟೇ ದಿನಕ್ಕೆ ಬಂದಿತ್ತು. ಕಬ್ಬಿನ ಹಂಗಾಮು, ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ನಾಳೆ ಫೋನ್ ಮಾಡೋಣ ಎಂದು ಡಬ್ಬಿಯನ್ನು ಡ್ರಾವರಿನಲ್ಲಿ ಇಟ್ಟೆ. ಹಂಗಾಮು ಮುಗಿದ ಮೇಲೂ ನಾಳೆ ಎಂದೆ. ಬೀರಪ್ಪಣ್ಣ ಒಂದೆರಡು ಸಲ ಗ್ಯಾರೇಜಿನ ಮುಂದೆಯೇ ಹಾದುಹೋದ, ಹಾರ್ನ್ ಹೊಡೆದ, ನಾನು ಕೈಯೆತ್ತಿದೆ. ಆತ ಸತ್ತ ದಿನವೂ ಆ ಡಬ್ಬಿ ನನ್ನ ಡ್ರಾವರಿನಲ್ಲೇ ಇತ್ತು.

ಆ ದಿನದ್ದು ನಿಮ್ಮ ಬಾಯಿಂದ ಕೇಳಿದ್ದು, ಉಳಿದವರ ಬಾಯಿಂದ ಕೇಳಿದ್ದು, ಅಷ್ಟೇ ನನಗೆ ಗೊತ್ತು. ಬೇಸಿಗೆಯ ಅಡ್ಡಮಳೆ ಸುರಿದು ಬಿಟ್ಟಿತ್ತು. ಕುರಿಹಟ್ಟಿಯ ಹತ್ತಿರ ಬೀರಪ್ಪಣ್ಣ ಎದೆ ಹಿಡಿದುಕೊಂಡು ಕುಳಿತ. ಅಂಬುಲೆನ್ಸಿನವರು ಡಾಂಬರು ರಸ್ತೆಯವರೆಗೆ ಮಾತ್ರ ಬರುತ್ತೇವೆ ಅಂದರು. ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿ, ನಿಮ್ಮದೇ ಸೀರೆಯಿಂದ ನಿಮ್ಮ ಬೆನ್ನಿಗೆ ಬಿಗಿದುಕೊಂಡು ಗಾಡಿ ಚಾಲೂ ಮಾಡಿದಿರಿ. ಕೆಸರಿನಲ್ಲಿ ಅರ್ಧ ದಾರಿ. ಕೆಂಪು ದೀಪ ಉರಿಯಲಿಲ್ಲ — ಹೇಗೆ ಉರಿದೀತು? ಒಮ್ಮೆಲೇ ಉಗಿ ಎದ್ದಿತು, ಎಂಜಿನ್ ಜಾಮ್ ಆಗಿ ನಿಂತಿತು. ನೀವು ಗಂಟು ಬಿಚ್ಚಿ, ಅವನನ್ನು ಬದುವಿನ ಮೇಲೆ ಮಲಗಿಸಿ ರಸ್ತೆಯ ಕಡೆಗೆ ಓಡಿದಿರಿ. ಜನರನ್ನು ಕರೆದುಕೊಂಡು ತಿರುಗಿ ಬರುವಷ್ಟರಲ್ಲಿ...

ಬೇಗ ಮುಟ್ಟಿದ್ದರೆ ಉಳಿಯುತ್ತಿದ್ದನೇ? ಯಾರಿಗೂ ಗೊತ್ತಿಲ್ಲ. ಈ ‘ಯಾರಿಗೂ ಗೊತ್ತಿಲ್ಲ’ದ ಹಿಂದೆ ನಾನು ಬಹಳ ದಿನ ಅಡಗಿ ಕುಳಿತೆ. ಇನ್ನು ಕೂಡುವುದಿಲ್ಲ.

ಮೂರನೆಯ ದಿನ ಒಂದು ಟ್ರ್ಯಾಕ್ಟರ್ ನಿಮ್ಮ ಗಾಡಿಯನ್ನು ಎಳೆದು ತಂದು ನನ್ನ ಅಂಗಳದಲ್ಲಿ ಬಿಟ್ಟಿತು. ಸೀಟು ಎತ್ತಿದೆ. ಬಟನ್ ಬಂದ್ ಇತ್ತು. ಅಕ್ಕಾ, ಆಗ ನನಗೆ ಅಳು ಬರಬೇಕಿತ್ತು. ಬಂದದ್ದು ಅಂಜಿಕೆ. ಗಾಡಿಯನ್ನು ಒಳಗೆ ತಳ್ಳಿ, ಬಾಗಿಲು ಮುಂದೆ ಮಾಡಿಕೊಂಡು ಬಟನ್ ಕಿತ್ತೆ, ವೈರ್ ಎಳೆದು ಹಾಕಿದೆ, ಕತ್ತರಿಸಿದ ತುದಿಗಳನ್ನು ಜೋಡಿಸಿದೆ, ಕೆಂಪು ಬಲ್ಬನ್ನು ತಿರುಗಿ ಕೂಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಇನ್ನೊಂದು ಮಾಡಿಲ್ಲ.

ಮರುದಿನ ಸಿದ್ದಪ್ಪ ಬಂದ. ಜೊತೆಗೆ ನಿಮ್ಮ ದೊಡ್ಡ ಮಾವನವರು, ಇನ್ನಿಬ್ಬರು.

“ಏನಾಗಿತ್ತೋ ಗಾಡಿಗೆ?”

“ರೇಡಿಯೇಟರ್ ಒಣಗಿತ್ರಿ. ನೀರು ನೋಡಲಾರದ ಓಡಿಸ್ಯಾರ್ರಿ ಅಕ್ಕಾರು.”

ಸಿದ್ದಪ್ಪ ಅಂಗಿಯ ಕಿಸೆಯಿಂದ ಭಂಡಾರದ ಚೀಲ ತೆಗೆದ. ಬೀರೇಶ್ವರನ ಅರಿಶಿನ ಮುಟ್ಟಿ ಆಡಿದ ಮಾತಿಗೆ ನಿಮ್ಮಲ್ಲಿ ಎರಡನೆಯ ವಿಚಾರಣೆ ಇಲ್ಲ ಎಂಬುದು ನನಗೆ ಗೊತ್ತಿತ್ತು.

“ಇದನ್ನ ಮುಟ್ಟಿ ಹೇಳ್ತೀಯೇನು?”

ಮುಟ್ಟಿದೆ. ಗ್ರೀಸಿನ ಬೆರಳನ್ನು ಒರೆಸಿಕೊಳ್ಳಲೂ ಇಲ್ಲ. ನಾವು ಬನಹಟ್ಟಿಯ ನೇಕಾರರು, ಇದು ನಮ್ಮ ಮನೆದೇವರಲ್ಲವಲ್ಲ ಎಂದು ಒಳಗೊಳಗೇ ಹೇಳಿಕೊಂಡೆ. ಮೇಲಾಗಿ ರೇಡಿಯೇಟರ್ ಒಣಗಿದ್ದು ಸುಳ್ಳೂ ಅಲ್ಲವಲ್ಲ, ಕುದ್ದು ಹೊರಗೆ ಚೆಲ್ಲಿದ ಮೇಲೆ ಒಣಗಿಯೇ ಇರುತ್ತದೆ! ಎಂಥ ಶಾಣ್ಯಾ ನೋಡಿ ನಾನು. ಆ ಹಳದಿ ನನ್ನ ಬೆರಳಿನ ಗೆರೆಗಳಲ್ಲಿ ಎರಡು ದಿನ ಕೂತಿತ್ತು, ಸೋಡಾ ಹಚ್ಚಿ ತಿಕ್ಕಿದರೂ ಹೋಗಲಿಲ್ಲ.

ಅಲ್ಲಿಂದ ನಿಮ್ಮ ಮಾತು ಯಾರೂ ಕೇಳಲಿಲ್ಲ. ‘ಮುಂಜಾನೆ ನೋಡೇನಿ, ಗೆರಿ ಮಟಾ ಇತ್ತು’ ಎಂದು ಮೊದಮೊದಲು ಹೇಳುತ್ತಿದ್ದಿರಂತೆ. ಭಂಡಾರ ಮುಟ್ಟಿ ಹೇಳ್ಯಾನ ಅವ ಎಂದು ಬಾಯಿ ಮುಚ್ಚಿಸಿದರಂತೆ. ಗಾಡಿ ಓಡಿಸೋ ಶೋಕಿಗೆ ಗಂಡನನ್ನು ತಿಂದಳು ಎಂಬ ಮಾತನ್ನು ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಕೂತೇ ಆಡಿದ್ದಾರೆ. ನಾನು ಸ್ಪ್ಯಾನರ್ ಹುಡುಕುವವನಂತೆ ಬಗ್ಗಿಕೊಂಡೆ.

ಹೋದ ತಿಂಗಳು ನೀವು ಬಂದಿರಿ. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತಿರಿ. ಎಷ್ಟು ಸೊರಗಿದ್ದಿರಿ.

“ತಮ್ಮಾ, ಒಂದು ಕೇಳತೇನಿ, ಸಿಟ್ಟಾಗಬ್ಯಾಡ. ಸೀಟಿನ ಬುಡಕ ನೀ ಒಂದು ಬಟನ್ ಹಾಕಿದ್ದಿ ಅಲ್ಲಾ? ಅದೇನಿತ್ತು?”

ಬಾಗಿಲು ತೆರೆದೇ ಇತ್ತು. ಹೌದು ಎಂಬ ಒಂದು ಮಾತು ಸಾಕಿತ್ತು. ನಾನು ಏನು ಅಂದೆ, ನೆನಪಿದೆಯಲ್ಲ?

“ಯಾವ ಬಟನ್ ರೀ ಅಕ್ಕಾರ? ನಿಮಗ ನೆಪ್ಪ ತಪ್ಪಿರಬೇಕು.”

ನೀವು ಜಗಳವಾಡಲಿಲ್ಲ. ನನ್ನ ಮುಖ ನೋಡಿದಿರಿ, ಆಮೇಲೆ ನೆಲ ನೋಡಿದಿರಿ.

“ಹಂಗಂದ್ರ ನೀರೂ ನೋಡಿರಲಿಕ್ಕಿಲ್ಲೇಳು ನಾ. ಎಲ್ಲಾ ನನ್ನ ತಲ್ಯಾಗಿಂದಽ ಕಾಣತೈತಿ.”

ಗಂಡನನ್ನು ಕಳೆದುಕೊಂಡವರ ಹತ್ತಿರ ಅವರ ಕಣ್ಣು ಕಂಡದ್ದಾದರೂ ಉಳಿದಿತ್ತು. ಅದನ್ನೂ ಆ ಮಧ್ಯಾಹ್ನ ನಾನು ಕಸಿದುಕೊಂಡೆ. ನೀವು ತಿರುಗಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಿರಿ. ಒಂದು ಲೋಟ ನೀರು ಬೇಕೇ ಎಂದೂ ನಾನು ಕೇಳಲಿಲ್ಲ.

ಈಗ ಯಾರು ಬಂದು ಡೈರೆಕ್ಟ್ ಮಾಡು ಅಂದರೂ ನಾನು ಮಾಡುವುದಿಲ್ಲ. ಅದರಿಂದ ನಿಮಗೇನು ಬಂತು? ಏನೂ ಬರಲಿಲ್ಲ. ಈ ಕಾಗದದಿಂದಲೂ ಬೀರಪ್ಪಣ್ಣ ಬರುವುದಿಲ್ಲ, ಐದು ವರ್ಷ ನೀವು ನುಂಗಿದ್ದು ಹೊರಗೆ ಬರುವುದಿಲ್ಲ. ನನಗೆ ಹಗುರಾಗಲಿ ಎಂದು ಬರೆಯುತ್ತಿದ್ದೇನೆಯೇ ಎಂದು ಕೇಳಿಕೊಂಡೆ. ಹಗುರಾಗಿಲ್ಲ. ಆಗಬಾರದು.

ಬರುವ ಭಾನುವಾರ ನಿಮ್ಮ ಮೈದುನಂದಿರೆಲ್ಲ ಹೊಲದ ಮನೆಯಲ್ಲಿ ಸೇರುತ್ತಾರೆ ಎಂದು ತಿಳಿದುಕೊಂಡಿದ್ದೇನೆ. ಬರುತ್ತೇನೆ. ಕಿತ್ತಿಟ್ಟ ಕರಿ ಬಟನ್ನನ್ನೂ, ಇನ್ನೂ ಒಡೆಯದ ಕೊಲ್ಹಾಪುರದ ಡಬ್ಬಿಯನ್ನೂ ಅವರ ಮುಂದೆ ಇಟ್ಟು, ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಕೇಳುವಂತೆ ಓದುತ್ತೇನೆ. ಭಂಡಾರ ಮಾತ್ರ ಮುಟ್ಟುವುದಿಲ್ಲ. ಆ ಕೈ ಇನ್ನು ಅದಕ್ಕೆ ಸಲ್ಲದು. ಆಮೇಲೆ ಅವರು ಏನು ಮಾಡಿದರೂ ಆಗಲಿ. ನೀವು ನನ್ನನ್ನು ನೋಡಬೇಕಾಗಿಲ್ಲ, ಒಳಗೇ ಇರಿ, ಕೇಳಿಸಿದರೆ ಸಾಕು.

ಭಾನುವಾರದವರೆಗೂ ನಿಮ್ಮ ತಲೆಯನ್ನು ನೀವು ಬೈದುಕೊಳ್ಳಬಾರದೆಂದು ಇಷ್ಟನ್ನು ಮುಂಚೆಯೇ ಕಳಿಸುತ್ತಿದ್ದೇನೆ: ಬಟನ್ ಇತ್ತು, ಅಕ್ಕಾ. ನೀವು ಕೇಳಿದ್ದಿರಿ, ನಾನು ಹೇಳಲಿಲ್ಲ. ಆ ಮುಂಜಾನೆ ನೀರೂ ಗೆರೆಯವರೆಗೆ ಇತ್ತು. ನೀವು ನೋಡಿದ್ದಿರಿ.