ಕೂಸಿನ ಗಲ್ಲದ ಬೊಟ್ಟು

ಮನೆಗೆ ಸ್ಕ್ಯಾನರ್ ತರುವ ಮಾತೆತ್ತಿದ್ದು ನಾನೇ, ತಪ್ಪು ಮಾಡಿದ್ದೂ ನಾನೇ. ಎರಡನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಪ್ಪ ಬಾಗಲಕೋಟೆ ಕಡೆಯವರು. ಕುಷಾಯಿಗೂಡದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕು ಹೈದರಾಬಾದಿನಲ್ಲೇ ನಿಂತರು. ಅವರು ತೀರಿಕೊಂಡ ಮೇಲೆ ಅಲ್ಮೇರಾದಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತು. ತುಂಬ ನೆಗೆಟಿವ್‌ಗಳು. ಅದರಲ್ಲೊಂದು ನನ್ನ ಅಕ್ಕನದು. ನಾನು ಹುಟ್ಟುವ ಮೊದಲೇ, ಒಂದೂವರೆ ವರ್ಷದವಳಿದ್ದಾಗ, ಜ್ವರ ಬಂದು ಹೋದವಳು. ತೀರಿಹೋದ ಕೂಸಿನ ಫೋಟೋ ಮನೆಯಲ್ಲಿರಬಾರದೆಂದು ಅಜ್ಜಿ ಅದನ್ನು ಒಲೆಗೆ ಹಾಕಿದ್ದಳಂತೆ. ನೆಗೆಟಿವ್ ಅಂತ ಒಂದಿರುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ, ಅಪ್ಪ ಹೇಳಲೂ ಇಲ್ಲ.

ಅವ್ವನಿಗೆ ಆ ಫೋಟೋ ಬೇಕಾಗಿದ್ದು ಮುಖ ನೋಡುವುದಕ್ಕಷ್ಟೇ ಅಲ್ಲ. ಫೋಟೋ ತೆಗೆದ ಎಂಟನೇ ದಿನಕ್ಕೆ ಕೂಸು ಹೋಯಿತು. ದೃಷ್ಟಿಬೊಟ್ಟು ಇಡದೆ ಕೂಸನ್ನು ಕ್ಯಾಮೆರಾದ ಮುಂದೆ ಕೂರಿಸಿದಳು, ಅದಕ್ಕೇ ಹೀಗಾಯಿತು ಎಂದು ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಹತ್ತು ಜನರೆದುರು ಆಡಿಬಿಟ್ಟಿದ್ದಳು. ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟೇ ಕೂರಿಸಿದ್ದೆ ಎಂದು ಅವ್ವ. ಮೂವತ್ತು ವರ್ಷ ಇದೇ ನಡೆಯಿತು. ಅತ್ತೆ ತಾರ್ನಾಕದಿಂದ ಹಬ್ಬಕ್ಕೆ ಬಂದಾಗಲೆಲ್ಲ ಯಾವುದೋ ಮಾತಿನ ಸಂದಿಯಲ್ಲಿ ಅದು ತಲೆಯೆತ್ತುತ್ತಿತ್ತು, ಅವ್ವ ಸುಮ್ಮನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೆಗೆಟಿವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮುಖ ಕಡಲೆಕಾಳಿನಷ್ಟಿತ್ತು. ಮೇಲೆ ಗೀರು, ಬೂಷ್ಟು, ಕಲೆ. ಯಾವುದು ಬೊಟ್ಟು, ಯಾವುದು ಧೂಳು ಎಂದು ದೇವರಾಣೆಗೂ ತಿಳಿಯಲಿಲ್ಲ. ಮೇಲಾಗಿ ಫಿಲ್ಮು ಹುಳಿವಾಸನೆ ಹೊಡೆಯುತ್ತ ಸುರುಳಿ ಸುತ್ತತೊಡಗಿತ್ತು. ಇನ್ನೊಂದೆರಡು ಮಳೆಗಾಲ ಕಳೆದರೆ ಚಿತ್ರವೇ ಉಳಿಯುವಂತಿರಲಿಲ್ಲ. ಸ್ಟುಡಿಯೋಕ್ಕೆ ಕೊಡೋಣವೆಂದರೆ ಅವ್ವ ಬಿಲ್‌ಕುಲ್ ಒಪ್ಪಲಿಲ್ಲ. ಹಿಂದೆ ಯಾರೋ ಒಬ್ಬ ಅಪ್ಪನ ಒಂದು ಇಡೀ ರೋಲು ಕಳೆದುಹಾಕಿದ್ದನಂತೆ. ಇದು ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಹಟ ಹಿಡಿದಳು.

ಆಗ ಮಾದಾಪುರದ ಕಡೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನಾನು ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ, ಹಾಗಾಗಿ ಜಂಬಕ್ಕೇನೂ ಕೊರತೆಯಿರಲಿಲ್ಲ. ಮೂರು ಶನಿವಾರ ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗಳನ್ನು ಸುತ್ತಿದೆ. ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್ ಒಂದಿತ್ತು, ನೋಡಿದರೆ ಆಸೆ ಹುಟ್ಟಬೇಕು. ಆದರೆ ಅದರೊಳಗೆ ಹೋಗುವುದು ಸಣ್ಣ ಫಿಲ್ಮು ಮಾತ್ರ. ಅಪ್ಪನ ಡಬ್ಬಿ ಕ್ಯಾಮೆರಾದ್ದು ಅದರ ಎರಡರಷ್ಟು ಅಗಲ. ಕೊನೆಗೆ ಫಿಲ್ಮಿನೊಳಗಿಂದ ಬೆಳಕು ಹಾಯಲೆಂದು ಮುಚ್ಚಳದಲ್ಲೂ ದೀಪವಿರುವ ಚಪ್ಪಟೆ ಸ್ಕ್ಯಾನರ್ ಆರಿಸಿದೆ. ಇನ್ನು ಸಾಫ್ಟ್‌ವೇರು. ಒಂದರಲ್ಲಿ ಎಲ್ಲವನ್ನೂ ನಾವೇ ಕೂತು ಹೊಂದಿಸಬೇಕು. ಇನ್ನೊಂದು ಧೂಳು, ಗೀರು, ಕಲೆಯನ್ನೆಲ್ಲ ತಾನೇ ಅಳಿಸಿ ಚೊಕ್ಕ ಚಿತ್ರ ಕೊಡುತ್ತದೆ ಎಂದು ಅಂಗಡಿಯವನು ಹಿಂದಿಯಲ್ಲಿ ಹಾಡಿ ಹೊಗಳಿದ. ಬೂಷ್ಟು ಹಿಡಿದ ಫಿಲ್ಮಿಗೆ ಇನ್ನೇನು ಬೇಕು? ಎರಡನೆಯದನ್ನೇ ತಂದೆ.

ಭಾನುವಾರ ಮಧ್ಯಾಹ್ನ ಅತ್ತೆಯನ್ನೂ ಕರೆಸಿದೆ. ಬೇಡ, ಮೊದಲು ನಾನೊಬ್ಬಳೇ ನೋಡುತ್ತೇನೆ ಎಂದು ಅವ್ವ ಎರಡು ಸಲ ಹೇಳಿದಳು. ನಾನು ಕೇಳಬೇಕಲ್ಲ! ಅತ್ತೆಯ ಬಾಯಿ ಮುಚ್ಚಿಸಿಯೇ ತೀರುತ್ತೇನೆಂಬ ಹಟ ನನ್ನದು.

ಸುರುಳಿ ಬಿಡಿಸಿ ಫಿಲ್ಮನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದೆ. ಯಂತ್ರ ಗುರ್ ಎನ್ನುತ್ತ ನಿಧಾನಕ್ಕೆ ಸರಿಯಿತು. ಪರದೆಯ ಮೇಲೆ ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯಿತು. ಗೋಡೆ, ಕೂದಲು, ಹಣೆ, ಕಣ್ಣು. ಅವ್ವ ನನ್ನ ಭುಜ ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು. ಗಲ್ಲ ಬಂತು. ನುಣ್ಣನೆಯ, ಬೆಳ್ಳನೆಯ ಗಲ್ಲ. ಬೊಟ್ಟಿರಲಿಲ್ಲ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಏನಾದರೂ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವ್ವ ತಡವರಿಸುತ್ತ ಕುರ್ಚಿ ಹುಡುಕಿ ಕೂತಳು.

“ಹಂಗಾರ ನಾ ಹಚ್ಚೇ ಇರಲಿಲ್ಲೇನು?” ಎಂದಳು, ಯಾರನ್ನೂ ನೋಡದೆ. “ಇಷ್ಟು ವರ್ಷ ಸುಳ್ಳ ಹೇಳ್ಕೋತ ಬಂದ್ನೇನು?”

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಒಬ್ಬಳೇ ನೋಡುತ್ತೇನೆ ಅಂದವಳನ್ನು ಅತ್ತೆಯೆದುರು ಕೂರಿಸಿ ಮಾನ ಕಳೆದೆನಲ್ಲ. ಬಾಯಿಗೆ ಬಂದ ಸಮಾಧಾನ ಹೇಳತೊಡಗಿದೆ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಪರದೆಯನ್ನೇ ನೋಡುತ್ತ, ಆ ಅಂಗಿ ತಾನೇ ಹೊಲಿದದ್ದು, ಮೈತುಂಬ ಸಣ್ಣ ಕರಿ ಚುಕ್ಕಿಯಿದ್ದ ಬಟ್ಟೆ, ಈಗ ನೋಡಿದರೆ ಬರೀ ಬಿಳಿ, ಅದನ್ನೂ ತಪ್ಪು ನೆನಪಿಟ್ಟುಕೊಂಡಿದ್ದೆನೋ ಏನೋ ಎಂದು ಗೊಣಗಿದಳು. ಅದಕ್ಕೆ ಅತ್ತೆ, ಚುಕ್ಕಿ ಇದ್ದದ್ದು ಖರೆ, ಆ ಬಟ್ಟೆ ಕೊಡಿಸಿದವಳೇ ತಾನು ಎಂದಳು.

ಇಬ್ಬರಿಗೂ ಚುಕ್ಕಿ ನೆನಪಿತ್ತು. ಅಂಗಿಯ ಚುಕ್ಕಿ ಎಲ್ಲಿ ಹೋಯಿತು? ಸಾಫ್ಟ್‌ವೇರಿನ ಪಟ್ಟಿ ತೆಗೆದು ನೋಡಿದೆ. ಕಲೆ ಅಳಿಸು ಎಂಬಲ್ಲಿ ಟಿಕ್ ಇತ್ತು, ಅದನ್ನು ಹಾಕಿದವಳು ನಾನೇ. ಅದಕ್ಕೇನು ಗೊತ್ತು ದೃಷ್ಟಿಬೊಟ್ಟು ಯಾವುದು, ಕೊಳೆ ಯಾವುದು ಅಂತ? ಸಣ್ಣಗೆ ಕಂಡದ್ದನ್ನೆಲ್ಲ ಒರೆಸಿ ಹಾಕಿತ್ತು.

ಟಿಕ್ ತೆಗೆದೆ. ಫಿಲ್ಮು ಅಷ್ಟರಲ್ಲೇ ಮತ್ತೆ ಮುದುರಿಕೊಂಡಿತ್ತು, ಬಿಡಿಸುವಾಗ ಅಂಚು ಚಟ್ಟೆಂದು ಸೀಳಿತು. ಬೆಳಕಿಗೆ ಹಿಡಿದು ನೋಡಿದೆ. ಸೀಳು ಕೂಸಿನವರೆಗೆ ಹೋಗಿರಲಿಲ್ಲ. ಮುಚ್ಚಳ ಹಾಕಿ ಇನ್ನೊಮ್ಮೆ ಗುಂಡಿ ಒತ್ತಿದೆ.

ಈ ಸಲದ ಚಿತ್ರದ ತುಂಬ ಕಸವೇ ಕಸ. ಆದರೆ ಫಿಲ್ಮಿನ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ, ನೆಗೆಟಿವ್‌ನಲ್ಲಿ ಕಪ್ಪಾದದ್ದು ಚಿತ್ರದಲ್ಲಿ ಬೆಳ್ಳಗೆ ಬೀಳುತ್ತದೆ, ಹಾಗಾಗಿ ಕರ್ರಗೆ ಕಂಡದ್ದು ಧೂಳಲ್ಲ. ಇದನ್ನು ಅತ್ತೆಗೆ ಕೇಳಲೆಂದೇ ಜೋರಾಗಿ ಹೇಳಿದೆ. ಅಂಗಿಯ ಮೇಲೆ ಸಾಲು ಸಾಲು ಕರಿ ಚುಕ್ಕಿ. ಗಲ್ಲದ ಮೇಲೂ ಕರ್ರಗೆ, ಒಂದೇ ಒಂದು, ದುಂಡಗೆ.

ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು. “ಹಚ್ಚಿದ್ದಿ ಬಿಡವಾ,” ಎಂದಳು. “ನಂದ ತಪ್ಪಾತು.”

ಅಬ್ಬಾ, ಅಂತೂ ಆ ಬಾಯಿಂದ ಬಂತು! ಗೆದ್ದ ಖುಷಿಯಲ್ಲಿ ಅವ್ವನತ್ತ ತಿರುಗಿದೆ. ಅವಳ ಮುಖ ಅರಳಿರುತ್ತದೆ ಅಂದುಕೊಂಡಿದ್ದೆ. ಅವ್ವ ಎದ್ದು ಬಂದು ಪರದೆಯ ಮೇಲೆ, ಆ ಬೊಟ್ಟಿನ ಮೇಲೆ, ಬೆರಳಿಟ್ಟಳು. ಅತ್ತೆಯ ಚುಚ್ಚುಮಾತಿಗೆ ಒಂದು ದಿನವೂ ಕಣ್ಣೀರು ಹಾಕದವಳು ಈಗ ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಹಚ್ಚಿದ್ನಲ್ಲ ಅಕ್ಕಾರ,” ಎಂದಳು. “ಹಚ್ಚಿದ್ರೂ ಹೋತಲ್ಲ ಕೂಸು.”