ಬೆಕ್ಕಿನ ಗಂಟಲಿಗೆ ಎತ್ತಿನ ಗೊಟ್ಟ

ನ್ಯಾಮತಿಯಿಂದ ಹೊನ್ನಾಳಿಗೆ ಹೋಗಿ ಬರಲು ಆಟೋದವನು ಎಂಟುನೂರು ಕೇಳಿದ. ಮರುಮಾತಾಡದೆ ಕೊಟ್ಟೆ. ಮೆಕ್ಕೆಜೋಳದ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಕಡಿದು, ಹಸಿ ಇದೆ ಎಂದು ರೇಟು ಇಳಿಸಿಯೇ ಅಂಗಡಿ ಕಟ್ಟಿದವನು ನಾನು. ಅವತ್ತು ಚೌಕಾಸಿಗೆ ನಾಲಗೆ ಏಳಲಿಲ್ಲ. ಬಸ್ಸಿಗೆ ಕಾಯುವಂತಿರಲಿಲ್ಲ. ಹೆಂಡತಿಯ ಮಡಿಲಲ್ಲಿ, ಟವೆಲ್ಲಿನೊಳಗೆ, ಬೆಕ್ಕು ಬಾಯಿ ತೆರೆದು ಉಸಿರೆಳೆಯುತ್ತಿತ್ತು.

ಅದನ್ನು ಅವಳು ಜಗಳೂರಿನ ತವರಿನಿಂದ ತಂದಿದ್ದಳು. ಬೂದಿ ಬಣ್ಣ, ಉದ್ದ ಕೂದಲು, ಕಸಬರಿಗೆಯಷ್ಟು ದಪ್ಪ ಬಾಲ. ಬಂದ ದಿನ ನಾನು ಕೇಳಿದ್ದು ಒಂದೇ ಮಾತು.

"ಇಲಿ ಹಿಡಿತೈತಾ?"

"ಕೆಲಸ ಮಾಡದೋರಿಗೆ ನೀವು ಅನ್ನ ಹಾಕಲ್ಲ ಅಂತ ಅದಕ್ಕೂ ಹೇಳಿ ಕರ್ಕೊಂಡು ಬಂದೀನಿ. ಹಿಡಿತೈತೆ ಬಿಡ್ರಿ."

ಹಿಡಿಯಿತು. ಇಲಿ ಕಡಿದ ಚೀಲ ಹೊಲಿಸುವ ಕೆಲಸವೇ ತಪ್ಪಿತು. ಆದರೆ ಅದು ನನ್ನ ಬೆಕ್ಕಾಗಲಿಲ್ಲ, ಅವಳದ್ದೇ ಆಯಿತು. ಮಕ್ಕಳ ಮದುವೆಯಾಗಿ ಮನೆ ಖಾಲಿಯಾದ ಮೇಲೆ ಅವಳು ಅಡುಗೆ ಮನೆಯಲ್ಲಿ ಮಾತಾಡುವುದು ಕೇಳಿದರೆ, ಯಾರೋ ನೆಂಟರು ಬಂದಿದ್ದಾರೆ ಎಂದುಕೊಳ್ಳುತ್ತಿದ್ದೆ. ಹೋಗಿ ನೋಡಿದರೆ ಒಲೆಯ ಪಕ್ಕ ಬೆಕ್ಕು ಕೂತಿರುತ್ತಿತ್ತು.

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಅಂಗಡಿಯ ಗಾಳಿಯೇ ಹೊಟ್ಟು, ಧೂಳು. ಬೆಕ್ಕು ಚೀಲದ ಮೇಲೆ ಮಲಗಿ, ಎದ್ದು, ಗಂಟೆಗಟ್ಟಲೆ ಮೈ ನೆಕ್ಕಿಕೊಳ್ಳುತ್ತಿತ್ತು. ತನ್ನ ಮೈ ತಾನೇ ತೊಳೆದುಕೊಳ್ಳುವ ಇಂಥ ಆಳು ಎಲ್ಲೂ ಸಿಗುವುದಿಲ್ಲ ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದೆ. ಅದರ ನಾಲಗೆಯ ತುಂಬ ಹಿಮ್ಮುಖದ ಸಣ್ಣ ಮುಳ್ಳು, ಅಂಟಿದ ಕೂದಲನ್ನು ಉಗಿಯಲು ಬಾರದೆ ನುಂಗುತ್ತದೆ ಎಂಬುದು ಆಗ ಯಾರಿಗೆ ಗೊತ್ತು. ಒಮ್ಮೊಮ್ಮೆ ನೆನೆದ ಬತ್ತಿಯಂಥದ್ದನ್ನು ಕಕ್ಕುತ್ತಿತ್ತು. ಹೆಂಡತಿ ಒರೆಸಿ ಹಾಕುತ್ತಿದ್ದಳು.

ಆ ಸಲ ಬತ್ತಿ ಬರಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ, ಕುತ್ತಿಗೆ ಚಾಚಿ, ಖೊಕ್ ಖೊಕ್ ಎನ್ನುತ್ತಿತ್ತು, ಬರೀ ನೊರೆ. ಹಾಲು ಮುಟ್ಟಲಿಲ್ಲ, ಮೀನಿನ ತಲೆ ಇಟ್ಟರೂ ಮೂಸಲಿಲ್ಲ. ಬೂದಿ ಗುಂಡಿಯ ಹತ್ತಿರ ಹೋಗಿ ಮಲಕ್ಕೆ ತಿಣುಕಿ, ಏನೂ ಆಗದೆ ವಾಪಸು ಬರುತ್ತಿತ್ತು.

ನಮ್ಮಲ್ಲಿ ಚೀಲ ಹೊರುವ ಹಿರಿಯರೊಬ್ಬರಿದ್ದಾರೆ, ಗೋವಿನಕೋವಿಯವರು. ಎತ್ತಿನ ಹೊಟ್ಟೆ ಉಬ್ಬಿದರೆ ಉಬ್ರಾಣಿ, ಚನ್ನಗಿರಿ ಕಡೆಯಿಂದಲೂ ಅವರಿಗೆ ಕರೆ ಬರುತ್ತಿತ್ತು. ಅವರು ಬೆಕ್ಕಿನ ಹೊಟ್ಟೆ ಒತ್ತಿ ನೋಡಿದರು.

"ಹೊಟ್ಟೆ ಕಟ್ಟೈತೆ ತಾಯಿ. ಎರಡು ಗುಟುಕು ಹರಳೆಣ್ಣೆ ಹೋದ್ರೆ ಸಡ್ಲ ಆಗ್ತೈತೆ."

"ಕುಡಿಸಾಕೆ ಆಗ್ತೈತಾ ಅಜ್ಜ? ನೀರೇ ಕುಡೀವಲ್ದು."

"ಹೋರಿಗೆ ಕುಡಿಸಿದ ಕೈ ಕಣವ್ವ ಇದು. ಇದೇನು ಮಹಾ?"

ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆಗೆ ನಾವು ಗೊಟ್ಟ ಎನ್ನುತ್ತೇವೆ. ಅಜ್ಜ ಬೆರಳು ಗಾತ್ರದ ಓಟೆ ಬಿದಿರಿನಲ್ಲಿ ಪುಟ್ಟದೊಂದು ಗೊಟ್ಟ ಕೆತ್ತಿದರು. ಎತ್ತಿಗೆ ಮಾಡುವಂತೆಯೇ ತಲೆ ಮೇಲಕ್ಕೆತ್ತಿಸಿ, ದವಡೆ ಸಂದಿಗೆ ಇಟ್ಟು ಸುರಿದರು. ಬೆಕ್ಕು ಒದ್ದಾಡಿತು, ಕೆಮ್ಮಿತು. ಎಣ್ಣೆ ಒಳಗೆ ಹೋಯಿತೆಂದು ಮೂವರಿಗೂ ಸಮಾಧಾನವಾಯಿತು. ಬೆಳಗಾಗುವಷ್ಟರಲ್ಲಿ ಉಸಿರಿಗೆ ಗೊರಗೊರ ಸದ್ದು ಸೇರಿತ್ತು.

ಹೊನ್ನಾಳಿಯಲ್ಲಿ ಒಬ್ಬ ಪಶುವೈದ್ಯರು ನೋಡಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡು, ಹೊಟ್ಟೆ ಒತ್ತಿ ನೋಡಿದರು.

"ಎಣ್ಣೆ ಹಾಕಿದ್ರಾ?"

ಹೆಂಡತಿ ಹೌದೆಂದು ತಲೆಯಾಡಿಸಿದಳು.

"ಹೊಟ್ಟೆಗೆ ಹೋಗಿಲ್ಲಮ್ಮ, ಶ್ವಾಸಕೋಶಕ್ಕೆ ಹೋಗೈತೆ. ಕರುಳಲ್ಲಿ ಕೂದಲಿನ ಗಂಟು ಸಿಕ್ಕಿಹಾಕ್ಕೊಂಡಂಗೆ ಕೈಗೆ ತಾಗ್ತೈತೆ. ಅದನ್ನ ಆಪರೇಷನ್ ಮಾಡಿ ತೆಗೀಬೌದು. ಆದ್ರೆ ಈ ಉಸಿರಲ್ಲಿ ಮತ್ತಿನ ಮದ್ದು ಕೊಡಾಕೆ ಬರಲ್ಲ."

"ಎಷ್ಟಾದ್ರೂ ಆಗಲಿ ಡಾಕ್ಟ್ರೇ, ದಾವಣಗೆರೆಗಾದ್ರೂ ಒಯ್ತೀನಿ" ಎಂದೆ.

"ದಾರಿ ತಡೆಯಲ್ಲ ಯಜಮಾನ್ರೇ. ಇಂಜೆಕ್ಷನ್ ಕೊಟ್ಟೀನಿ. ಬೆಚ್ಚಗಿಡ್ರಿ. ನೋಡಾನ."

ವ್ಯಾಪಾರದಲ್ಲಿ ಎದುರಿಗಿದ್ದವನು ಬಗ್ಗದಿದ್ದರೆ ನಾನು ಎದ್ದು ಹೋಗುವ ನಾಟಕ ಮಾಡುತ್ತೇನೆ, ವಾಪಸು ಕರೆಯುತ್ತಾನೆ. ಅಲ್ಲಿ ಎದ್ದು ಹೋದರೆ ಕರೆಯುವವರು ಯಾರೂ ಇರಲಿಲ್ಲ. ಆ ಚೂರು ಹೊಟ್ಟೆ ಏರುವುದು, ಇಳಿಯುವುದು, ಇಷ್ಟನ್ನೇ ನೋಡುತ್ತ ವಾಪಸಾದೆವು.

ಮನೆಯಲ್ಲಿ ಅವಳು ಒಲೆ ಹಚ್ಚಲಿಲ್ಲ. ಬೆಕ್ಕನ್ನು ಕಾಲ ಮೇಲೆ ಮಲಗಿಸಿಕೊಂಡು ಅದರ ಬೆನ್ನು ಸವರುತ್ತಿದ್ದಳು. ಸವರಿದಾಗಲೆಲ್ಲ ಕೈತುಂಬ ಕೂದಲು ಬರುತ್ತಿತ್ತು. "ಇಷ್ಟೊಂದು ಉದುರ್ತಿತ್ತಲ್ರೀ" ಎಂದಳು. ಮಧ್ಯಾಹ್ನ ಮುಗಿಯುವುದರೊಳಗೆ ಅದರ ಉಸಿರು ನಿಂತಿತು. ಅಜ್ಜ ಹಿತ್ತಲ ಬಾಗಿಲಿಗೆ ಬಂದು, ಗುಂಡಿ ತೋಡಲು ಸನಿಕೆ ಎಲ್ಲಿದೆ ಎಂದು ಕೇಳಿದರು. ಹೆಂಡತಿ ಎದ್ದು ತಾನೇ ತಂದುಕೊಟ್ಟಳು.

ಆಮೇಲೆ ವೈದ್ಯರಲ್ಲಿಗೆ ಒಬ್ಬನೇ ಹೋಗಿ ಕೇಳಿ ತಿಳಿದದ್ದನ್ನು ಈಗ ಬೆಕ್ಕು ಸಾಕಿದವರು ಯಾರೇ ಸಿಗಲಿ, ಜೋಳದ ಮಾತು ಬಿಟ್ಟು ಹೇಳುತ್ತೇನೆ. ನೀವೂ ಕೇಳಿ. ಉದ್ದ ಕೂದಲಿನ ಬೆಕ್ಕಾದರೆ ದಿನಾ ಬಾಚಿ, ಗಿಡ್ಡ ಕೂದಲಿನದಾದರೆ ವಾರಕ್ಕೆರಡು ಸಲ ಸಾಕು. ಬಾಚಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಡಿಲ ಕೂದಲೆಲ್ಲ ಬಟ್ಟೆಗೆ ಬರುತ್ತದೆ, ಅದರ ಹೊಟ್ಟೆಗೆ ಹೋಗುವುದಿಲ್ಲ. ನುಂಗಿದ ಕೂದಲು ಬಹುಪಾಲು ತಾನಾಗಿಯೇ ಹೊರಗೆ ಹೋಗುತ್ತದೆ. ಅದಕ್ಕೆ ನೀರು ಬೇಕು. ಒಣ ಆಹಾರವನ್ನೇ ಹಾಕುವವರು ಮನೆಯ ಎರಡು ಮೂರು ಕಡೆ ನೀರಿಡಿ. ಯಾವಾಗಲೋ ಒಮ್ಮೆ ಕೂದಲುಂಡೆ ಕಕ್ಕಿ, ಮತ್ತೆ ಹೊಟ್ಟೆ ತುಂಬ ತಿಂದರೆ ಹೆದರಬೇಡಿ. ಮತ್ತೆ ಮತ್ತೆ ಓಕರಿಸಿಯೂ ಏನೂ ಬರದಿದ್ದರೆ, ತಿನ್ನುವುದು ಬಿಟ್ಟರೆ, ಮಲ ಕಟ್ಟಿದರೆ, ನಾಳೆ ನೋಡೋಣ ಎನ್ನಬೇಡಿ. ಕೆಲವು ಸಲ ಅದು ಓಕರಿಕೆಯಲ್ಲ, ಉಬ್ಬಸದ ಕೆಮ್ಮು. ನಮ್ಮಂಥವರ ಕಣ್ಣಿಗೆ ಎರಡೂ ಒಂದೇ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಯಾವುದನ್ನೂ ಬಾಯಿಗೆ ಸುರಿಯಬೇಡಿ. ಕೂದಲು ಜಾರಿಸುವ ಪೇಸ್ಟು ಸಿಗುತ್ತದೆ, ವೈದ್ಯರನ್ನು ಕೇಳಿ ಅದನ್ನೇ ನೆಕ್ಕಿಸಿ. ಇನ್ನೊಂದು ಮಾತು: ನಿಮ್ಮ ತಾಲ್ಲೂಕಿನಲ್ಲಿ ಬೆಕ್ಕು ನೋಡಿ ಅಭ್ಯಾಸವಿರುವ ಡಾಕ್ಟರು ಯಾರು, ಯಾವ ಹೊತ್ತಿಗೆ ಎಲ್ಲಿ ಸಿಗುತ್ತಾರೆ ಎಂದು, ಬೆಕ್ಕು ಚೆನ್ನಾಗಿ ಉಂಡು ಮಲಗಿರುವಾಗಲೇ ವಿಚಾರಿಸಿಡಿ.