ತಪಸ್ಸಿನ ಕಾಲದ ವಾಲ್ಟ್ಸ್

ಬೂದಿ ಬುಧವಾರ ಇಗರ್ಜಿಯಿಂದ ಬಂದವರೇ ಪಪ್ಪ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲೆ ಇಡುತ್ತಿದ್ದರು. ಹಣೆಯ ಬೂದಿ ಇನ್ನೂ ಹಾಗೆಯೇ ಇರುತ್ತಿತ್ತು. ಅಲ್ಲಿಂದ ಈಸ್ಟರಿನವರೆಗೆ ನಲವತ್ತು ದಿನ ತಪಸ್ಸಿನ ಕಾಲ. ಮನೆಯಲ್ಲಿ ಮಾಂಸವಿಲ್ಲ, ಊರಲ್ಲಿ ಮದುವೆಯಿಲ್ಲ, ಪಪ್ಪನ ಲೆಕ್ಕದಲ್ಲಿ ವಾದ್ಯವೂ ಇಲ್ಲ. ಈಗ ಅಷ್ಟೆಲ್ಲ ಬಿಗಿ ಇಲ್ಲ, ಪೂಜೆಯಲ್ಲೇ ಮೆಲ್ಲಗೆ ಕೀಬೋರ್ಡ್ ಬಾರಿಸುತ್ತಾರೆ, ಪಾದ್ರಿಯವರೂ ಬೇಡ ಅನ್ನುವುದಿಲ್ಲ ಎಂದು ನಾನು ವಾದಿಸಿದರೆ, ಪಾದ್ರಿಯವರು ನಿನ್ನೆ ಮೊನ್ನೆ ಬಂದವರು ಎನ್ನುತ್ತಿದ್ದರು.

ಅವರು ಪೈವಳಿಕೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು. ನಮ್ಮ ಮನೆಮಾತು ಕೊಂಕಣಿ. ಆದರೆ ಪಾಠ ಹೇಳುವಾಗಲೂ ಬೈಯುವಾಗಲೂ ಅವರ ಬಾಯಿಗೆ ಕನ್ನಡವೇ ಬರುತ್ತಿತ್ತು. ಹಾಗಾಗಿ ನಾವಿಬ್ಬರು ಹೆಚ್ಚು ಮಾತಾಡಿದ್ದು ಕನ್ನಡದಲ್ಲೇ.

ಪಪ್ಪನ ಬಳಿ ಅಜ್ಜನಿಂದ ಬಂದ ಒಂದು ವಾಲ್ಟ್ಸ್ ಇತ್ತು, ಮೂರರ ಎಣಿಕೆಯಲ್ಲಿ ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ರಾಗ. ಅದಕ್ಕೆ ಹೆಸರಿಲ್ಲ, ಬರೆದಿಟ್ಟ ಕಾಗದವೂ ಇಲ್ಲ. ಪಪ್ಪ ಮಮ್ಮಿಯ ಮದುವೆಯ ಚಪ್ಪರದಲ್ಲಿ ಅಜ್ಜ ಅದನ್ನು ಬಾರಿಸಿದ್ದರಂತೆ, ಇವರಿಬ್ಬರೂ ಕುಣಿದಿದ್ದರಂತೆ. ಆಮೇಲೆ ಕೆಲವು ವರ್ಷ ಪಪ್ಪನೇ ನೆರೆಕರೆಯ ಮದುವೆಗಳಲ್ಲಿ ಬಾರಿಸುತ್ತಿದ್ದರು. ಮಂಗಳೂರಿನಿಂದ ದೊಡ್ಡ ಸ್ಪೀಕರಿನ ಬ್ಯಾಂಡುಗಳು ಬರತೊಡಗಿದ ಮೇಲೆ ಪಿಟೀಲನ್ನು ಯಾರೂ ಕರೆಯಲಿಲ್ಲ, ಮನೆಯಲ್ಲಿ ಬೇರೆ ಹಾಡು ಬಾರಿಸಿದರೂ ಪಪ್ಪ ಆ ವಾಲ್ಟ್ಸನ್ನು ಮತ್ತೆ ಬಾರಿಸಲಿಲ್ಲ. ಅವರು ಮದುವೆಗಳಲ್ಲಿ ಬಾರಿಸುತ್ತಿದ್ದಾಗ ನನಗೆ ಆರೋ ಏಳೋ ವರ್ಷ, ಮದುವೆ ಮನೆಯಲ್ಲಿ ನನ್ನ ಕಣ್ಣೆಲ್ಲ ಕೇಕಿನ ಮೇಲೆ. ಆ ವಾಲ್ಟ್ಸಿನ ಮೊದಲ ಸಾಲು ಬಿಟ್ಟರೆ ನನ್ನ ತಲೆಯಲ್ಲಿ ಏನೂ ಉಳಿಯಲಿಲ್ಲ.

ಒಂದು ವರ್ಷ ತಪಸ್ಸಿನ ಕಾಲ ಶುರುವಾದ ಮೇಲೆ ತಂಗಿಯ ಮದುವೆ ಈಸ್ಟರ್ ಕಳೆದು ಎರಡು ವಾರಕ್ಕೆ ನಿಶ್ಚಯವಾಯಿತು. ಮಮ್ಮಿ ಕುಣಿದ ವಾಲ್ಟ್ಸಿಗೇ ತಾನೂ ಕುಣಿಯಬೇಕು ಎಂದು ಅವಳು ಹಟ ಹಿಡಿದಳು. ಪಪ್ಪನಿಗೆ ಒಳಗೊಳಗೇ ಖುಷಿ. ಪಿಟೀಲು ಅವರದ್ದು, ಜೊತೆಗೆ ಗಿಟಾರ್ ನನ್ನದು ಎಂದಾಯಿತು. ಇಗರ್ಜಿಯ ಗಾಯನ ತಂಡದಲ್ಲಿ ನಾನು ಗಿಟಾರ್ ಹಿಡಿದು ಇಪ್ಪತ್ತು ವರ್ಷ ಆಗಿತ್ತು. ಎಡಗೈಯಲ್ಲಿ ತಂತಿ ಅದುಮಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಕಾರ್ಡುಗಳು ನಿದ್ದೆಯಲ್ಲೂ ಬರುತ್ತಿದ್ದವು. ಆದರೆ ರಾಗವೇ ಗೊತ್ತಿಲ್ಲದೆ ಯಾವ ಕಾರ್ಡ್ ಹಿಡಿಯುವುದು? ಒಮ್ಮೆ ಬಾರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಈಸ್ಟರ್ ಆಗಲಿ ಎಂದರು. ಗುನುಗಿಯಾದರೂ ತೋರಿಸಿ ಎಂದೆ. ಅದೂ ಈಸ್ಟರ್ ಆದ ಮೇಲೆಯೇ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ನಿಮಗೆ ದೇವರಿಗಿಂತ ನಿಮ್ಮ ಹಟವೇ ದೊಡ್ಡದು ಎಂದುಬಿಟ್ಟೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಅವರೇ ಒಂದು ದಾರಿ ಹುಡುಕಿಕೊಂಡು ಬಂದರು. "ಬರೀ ಕಾರ್ಡ್ ಬಾರಿಸಿದ್ರೆ ಅದು ಹಾಡಲ್ಲ ಮಾರಾಯ್ತಿ, ಲೆಕ್ಕ. ಲೆಕ್ಕ ಮಾಡ್ಲಿಕ್ಕೆ ಎಂತ ದೋಷ ಉಂಟು?"

ಅಂದಿನಿಂದ ದಿನಾ ಸಂಜೆ ಚಹಾ ಕುಡಿದು ಮನೆಯೆದುರಿನ ಸಿಟೌಟಿನಲ್ಲಿ ಕೂರುತ್ತಿದ್ದೆವು. ಪಪ್ಪ ಕಣ್ಣು ಮುಚ್ಚಿ ರಾಗವನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದರು, ಬಲಗೈಯ ಬೆರಳಿನಿಂದ ಕುರ್ಚಿಯ ಕೈಯ ಮೇಲೆ ಒಂದು, ಎರಡು, ಮೂರು ಎಂದು ತಟ್ಟುತ್ತಿದ್ದರು. ನಾನು ಅಂದಾಜಿನಲ್ಲಿ ಒಂದೊಂದೇ ಕಾರ್ಡ್ ಹಿಡಿಯುತ್ತಿದ್ದೆ. ಸರಿಯಾದರೆ ಬೆರಳು ಮುಂದೆ ಹೋಗುತ್ತಿತ್ತು, ತಪ್ಪಿದರೆ ನಿಲ್ಲುತ್ತಿತ್ತು. ಕಾರ್ಡುಗಳ ಹೆಸರು ಅವರಿಗೆ ಒಂದೂ ಗೊತ್ತಿಲ್ಲ. ರಾಗ ಬಂದು ನಿಲ್ಲುವ ಡಿ ಮೇಜರಿಗೆ ನಾನು ಬೇಗ ಬಂದರೆ, "ಅದು ಮನೆಗೆ ಬಂದಾಯ್ತಲ್ಲ. ಇನ್ನೂ ದಾರಿಯಲ್ಲುಂಟು ಅದು" ಎನ್ನುತ್ತಿದ್ದರು. ಇ ಮೈನರ್ ಹಿಡಿದರೆ ಇಷ್ಟು ಅಳಬಾರದು ಎನ್ನುತ್ತಿದ್ದರು. ಮೊದಲ ಭಾಗ ಡಿ, ಜಿ, ಎ ಈ ಮೂರರಲ್ಲೇ ಒಂದು ವಾರದಲ್ಲಿ ಮುಗಿಯಿತು. ಎರಡನೆಯ ಭಾಗದ ನಡುವೆ ಒಂದು ಕಡೆ ಮಾತ್ರ ನಾನು ಹಿಡಿದ ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಲ್ಲೇ ಎರಡು ವಾರ ಸಿಕ್ಕಿಬಿದ್ದೆವು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ಸಂಜೆ ಬೇಸತ್ತು, ಇದೂ ಅಳುವುದೆಂದು ಅಲ್ಲಿಯವರೆಗೆ ಬಿಟ್ಟಿದ್ದ ಬಿ ಮೈನರ್ ಹಿಡಿದೆ. ಪಪ್ಪನ ಬೆರಳು ನಿಲ್ಲದೆ ಕೊನೆಯವರೆಗೂ ಹೋಯಿತು. ರಾಗ ಕೇಳದೆಯೇ ವಾಲ್ಟ್ಸ್ ಪೂರ್ತಿ ಬಾರಿಸಿದೆನೆಂದು ನನಗೆ ಜಂಬವೋ ಜಂಬ.

ಬುಧವಾರ ಬೆಳಿಗ್ಗೆ ಅವರು ಬಚ್ಚಲಿನ ಬಾಗಿಲಲ್ಲಿ ಕುಸಿದರು. ಪಕ್ಷವಾತ. ಬಲಭಾಗ ಹೋಯಿತು, ಮಾತೂ ಹೋಯಿತು. ಈಸ್ಟರ್ ಬಂದಾಗ ನಾವು ಮಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ಮದುವೆ ಮುಂದೆ ಹಾಕೋಣವೆಂದರೆ ಪಪ್ಪ ಎಡಗೈ ಆಡಿಸಿ ಬೇಡವೆಂದರು.

ಮದುವೆಯ ದಿನ ಉಪ್ಪಳದ ಹಾಲ್‌ನಲ್ಲಿ ಅವರನ್ನು ಗಾಲಿಕುರ್ಚಿಯಲ್ಲಿ ಮುಂದೆಯೇ ಕೂರಿಸಿದ್ದೆವು. ಬ್ಯಾಂಡಿನವರ ವಾಲ್ಟ್ಸ್ ಬೇಡ, ಅಕ್ಕ ಬಾರಿಸಿದರೆ ಸಾಕು ಎಂದಳು ತಂಗಿ. ನಾನು ಕಾರ್ಡುಗಳನ್ನಷ್ಟೇ ಬಾರಿಸತೊಡಗಿದೆ. ರಾಗ ಕೇಳದಿದ್ದಾಗ ಮೈಕಿನವನು ವಯರ್ ಹಾಳಾಯಿತೆಂದು ಓಡಿ ಬಂದ. ತಂಗಿ ಗಂಡನ ಕೈ ಹಿಡಿದು ಕುಣಿಯುತ್ತಲೇ ಇದ್ದಳು. ಆಗ ನಾನು ಪಪ್ಪನನ್ನು ನೋಡಿದೆ. ಸೋತ ಬಲಗೈ ಮಡಿಲಲ್ಲಿತ್ತು. ಅದರ ಮೇಲೆ ಎಡಗೈಯ ನಾಲ್ಕು ಬೆರಳು ಪಿಟೀಲಿನ ತಂತಿ ಅದುಮುವ ಹಾಗೆ ಅದುಮುತ್ತಿದ್ದವು, ಜಾರುತ್ತಿದ್ದವು, ಸ್ವರ ನಡುಗಿಸುವ ಹಾಗೆ ಅಲುಗುತ್ತಿದ್ದವು. ಇಡೀ ರಾಗ ಅಲ್ಲಿತ್ತು. ನನಗೆ ಅದನ್ನು ಓದಲು ಬರುತ್ತಿರಲಿಲ್ಲ. ವಾಲ್ಟ್ಸ್ ಮುಗಿದರೂ ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ, ಮತ್ತೊಮ್ಮೆ ಮಾಡಿದೆ. ಮದುಮಗ ಬೆವೆತುಹೋದ. ಆ ಬೆರಳುಗಳು ತಾವಾಗಿ ನಿಲ್ಲುವವರೆಗೂ ನಾನು ನಿಲ್ಲಿಸಲಿಲ್ಲ.

ಆ ಮಳೆಗಾಲದಲ್ಲಿ ಪಪ್ಪ ತೀರಿಕೊಂಡರು. ಆಮೇಲೆ ನಾನು ಹಳಬರನ್ನೆಲ್ಲ ಕೇಳುತ್ತಾ ತಿರುಗಿದೆ. ಕುಣಿದದ್ದು ಎಲ್ಲರಿಗೂ ನೆನಪಿದೆ, ರಾಗ ಯಾರಿಗೂ ಇಲ್ಲ. ಮಮ್ಮಿ ಅಡುಗೆಮನೆಯಲ್ಲಿ ಈಗಲೂ ಹೆಜ್ಜೆ ಹಾಕಿ ತೋರಿಸುತ್ತಾರೆ. ಗುನುಗಲು ಹೇಳಿದರೆ ಇಗರ್ಜಿಯ ಯಾವುದೋ ಹಾಡು ಬರುತ್ತದೆ.

ಹೋದ ವರ್ಷ ಪಿಟೀಲು ಕಲಿಸುವ ನನ್ನ ಗೆಳತಿಯೊಬ್ಬಳು, ಕಾರ್ಡುಗಳು ಇವೆಯಲ್ಲ, ಅವನ್ನು ಹಿಡಿದು ರಾಗ ಹುಡುಕೋಣ ಎಂದಳು. ನಾನು ಕಾರ್ಡುಗಳನ್ನು ಬರೆದುಕೊಟ್ಟೆ, ನನಗೆ ನೆನಪಿದ್ದ ಮೊದಲ ಸಾಲನ್ನು ಹಾಡಿ ತೋರಿಸಿದೆ. ಹದಿನೈದು ದಿನ ಬಿಟ್ಟು ಅವಳು ಮನೆಗೆ ಬಂದು ಬಾರಿಸಿದಳು, ನಾನು ಗಿಟಾರಿನಲ್ಲಿ ಜೊತೆ ಕೊಟ್ಟೆ. ಚೆನ್ನಾಗಿತ್ತು. ಮೊದಲಿನಿಂದ ಕೊನೆಯವರೆಗೆ ಒಂದು ಕಡೆಯೂ ತಪ್ಪಲಿಲ್ಲ, ಎಲ್ಲ ಕಾರ್ಡುಗಳ ಮೇಲೂ ಸರಿಯಾಗಿ ಕೂತಿತು. ತಂಗಿ, ಇದೇ ಇರಬೇಕು ಎಂದು ಕಣ್ಣೊರೆಸಿಕೊಂಡಳು. ಅದು ಅಷ್ಟು ಸಲೀಸಾಗಿ ಕೂತದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ವಾರಗಟ್ಟಲೆ ಕೂತು ಆರಿಸಿದ ಆ ಕಾರ್ಡುಗಳ ಮೇಲೆ ಯಾರ ರಾಗ ಬೇಕಾದರೂ ಕೂರುತ್ತದೆ.

ಚೆನ್ನಾಗಿದೆ ಎಂದು ಗೆಳತಿಗೆ ಹೇಳಿ ಗಿಟಾರನ್ನು ಕೆಳಗಿಟ್ಟೆ. ಪಪ್ಪನ ವಾಲ್ಟ್ಸನ್ನು ಒಮ್ಮೆ ಕೇಳಬೇಕೆಂಬ ಆಸೆ ಅವತ್ತಿನಷ್ಟು ಯಾವತ್ತೂ ಆಗಿರಲಿಲ್ಲ.